ಅಂಚಿನಲ್ಲಿದ್ದ ಕೈ

"ನೋಡ್ರಿ ಸಾಬ್ರ, ಕೈ ಹೋತು," ಎಂದ ಪ್ರವೀಣಕುಮಾರ್.

ಹಸನ್ ಸಾಬರು ಕನ್ನಡಕ ಏರಿಸಿಕೊಂಡು ಹೊಸ ಕಂಪ್ಯೂಟರಿನತ್ತ ಬಗ್ಗಿದರು. ಸ್ಟೂಲಿನ ಮೇಲೆ ಕೂತ ಒಂದು ವರ್ಷದ ಮಗು ಹಾಗೇ ಇತ್ತು, ಅದರ ಜರಿ ಟೊಪ್ಪಿಗೆಯೂ ಇತ್ತು. ಚಿತ್ರದ ಅಂಚಿನಿಂದ ಒಳಗೆ ಚಾಚಿ ಮಗುವಿನ ಪಕ್ಕೆ ಹಿಡಿದಿದ್ದ ಕೈ ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ, ಹಿಂದಿನ ಪರದೆಯ ಮೇಲೆ ಬರೆದಿದ್ದ ಕೊಳದ ನೀರು ತುಂಬಿಕೊಂಡಿತ್ತು.

ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನೆದುರು ಮೂವತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದವರು ಹಸನ್ ಸಾಬರು. ಫೋಟೋ ತಿದ್ದುವ ಸಾಫ್ಟ್‌ವೇರ್ ಹಾಕಿಕೊಡಲು ಹೊಸಪೇಟೆಯಿಂದ ಬಂದಿದ್ದ ಪ್ರವೀಣಕುಮಾರ್ ಎರಡು ಸಿ.ಡಿ. ತಂದಿದ್ದ. ಯಾವುದು ಬೇಕೋ ಆರಿಸಿಕೊಳ್ಳಲೆಂದು, ಮೇಜಿನ ಗಾಜಿನಡಿ ಇದ್ದ ಹಳೆಯ ಫೋಟೋವೊಂದನ್ನು ಎತ್ತಿ ಸ್ಕ್ಯಾನ್ ಮಾಡಿ ತೋರಿಸುತ್ತಿದ್ದ.

"ಸಣ್ಣ ಸಾಫ್ಟ್‌ವೇರಿನ್ಯಾಗ ಬೆಳಕು ಏರಿಸೋದು, ಇಳಿಸೋದು, ಕತ್ತರಿಸೋದು, ಅಷ್ಟೇರಿ. ಪಾಸ್‌ಪೋರ್ಟ್ ಸೈಜಿಗೆ ಅದು ಸಾಕು. ದೊಡ್ಡದರಾಗ ಬ್ಯಾಡಾದ್ದನ್ನ ತಗೀಬಹುದು, ಗುರುತು ಸಿಗಂಗಿಲ್ಲ. ಮಕ್ಕಳ ಫೋಟೋದಾಗ ತಾಯಂದಿರ ಕೈ ಬಂದಿರತಾವಲ್ಲ, ತಗದು ಕೊಡ್ರಿ ಅಂತ ಗಿರಾಕಿ ಕೇಳೇ ಕೇಳ್ತಾರ."

"ವಾಪಸ್ ತಾ."

"ಏನ್ರಿ?"

"ಆ ಕೈ. ಇದ್ದಂಗ ವಾಪಸ್ ತಾ."

ಪ್ರವೀಣಕುಮಾರ್ ಕೀಲಿ ಒತ್ತಿದ. ಕೈ ಬಂತು. ನಾಲ್ಕು ಗಾಜಿನ ಬಳೆ, ರೊಟ್ಟಿ ಹಂಚು ತಾಕಿದ ಸಣ್ಣ ಕಲೆ. ಹಸನ್ ಸಾಬರು ಕುರ್ಚಿ ಎಳೆದುಕೊಂಡು ಕೂತರು. "ಅಕಿ ನಮ್ಮ ಮನಿಯಾಕಿ," ಎಂದರು. "ಈ ಹುಡುಗ ಒಬ್ಬನೇ ಕೂಡವೊಲ್ಲ ಅಂದ. ಸ್ಟೂಲಿನ ಬಾಜೂಕ ಕುಕ್ಕರಗಾಲಿಲೆ ಕುಂತು ಹಿಡಕೊಂಡಿದ್ಲು. ಕೈ ಬಂದೈತಿ ಅಂತ ಆಮ್ಯಾಲ ನೋಡಿದೆ. ನೆಗೆಟಿವ್ ಮ್ಯಾಲ ಬ್ಲೇಡಿಲೆ ಕೆರದು ತಗೀಬೇಕಂದೆ. ನಾಳೆ ತಗದರಾತು ಅಂದೆ."

"ಚಾಚಿಯವರ ಬ್ಯಾರೆ ಫೋಟೋ ಕೊಡ್ರಿ ಸಾಬ್ರ, ಛಲೋ ಮಾಡಿ ಕೊಡ್ತೀನಿ."

"ಇಲ್ಲ."

ಪ್ರವೀಣಕುಮಾರ್ ನಕ್ಕ. "ಊರಾಗಿನ ಮಂದಿನ್ನೆಲ್ಲ ಗ್ವಾಡಿಗೆ ತೂಗಹಾಕೀರಿ, ಮನಿಯವರದು ಒಂದು ಇಲ್ಲಂದ್ರ ಯಾರು ನಂಬ್ತಾರ್ರಿ?" ಹಸನ್ ಸಾಬರು ನಗಲಿಲ್ಲ.

ಅವರ ಹೆಂಡತಿ ಕಮರುನ್ನೀಸಾ ಕ್ಯಾಮೆರಾದ ಮುಂದೆ ಕೂತವಳೇ ಅಲ್ಲ. ಮದುವೆಯಾದ ಹೊಸತರಲ್ಲಿ ಅವರು ಎಷ್ಟೋ ಸಲ ಕರೆದಿದ್ದರು, ರೇಗಿಯೂ ಇದ್ದರು. "ಊರವರ ಮುಖ ನಿಮ್ಮ ಪೆಟ್ಟಿಗ್ಯಾಗ ಇರಲಿ. ನಂದು, ಅದನ್ನ ಕೊಟ್ಟ ದೇವರ ಹತ್ರ ಇರಲಿ," ಎಂದು ಅವಳು ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು. ಈಚೆಗೆ ದುವಾಕ್ಕೆ ಕೈಯೆತ್ತಿ ಕಣ್ಣು ಮುಚ್ಚಿದರೆ ಅವಳ ಧ್ವನಿ ಮೊದಲು ಬರುತ್ತಿತ್ತು. ಮುಖ ಬರುವುದು ತಡವಾಗುತ್ತಿತ್ತು. ಹೋದ ಶುಕ್ರವಾರ ಬರಲೇ ಇಲ್ಲ.

"ತಮ್ಮಾ, ಮುಂಗೈ ತನಕ ಐತಿ," ಎಂದು ಅವರು ಚಿತ್ರದ ಅಂಚನ್ನು ಬೆರಳಿನಿಂದ ಮುಟ್ಟಿದರು. "ಅಲ್ಲಿಂದಾಚೆ ತೋಳು, ಹೆಗಲು... ನಿನ್ನ ದೊಡ್ಡದರಾಗ ಬರತೈತೇನು?"

"ಇಲ್ಲದ್ದು ಎಲ್ಲಿಂದ ಬರಬೇಕ್ರಿ? ಇದು ಬಾಜೂಕ ಇದ್ದದ್ದನ್ನ ಕದ್ದು ತಂದು ತುಂಬತೈತಿ, ಅಷ್ಟ." ಪ್ರವೀಣಕುಮಾರ್ ತುಸು ಯೋಚಿಸಿದ. "ಅವರನ್ನ ಹೋಲೋರು ಯಾರರ ಅದಾರೇನ್ರಿ? ಅವರ ಫೋಟೋ ತಗೊಂಡು ಹಣಿ, ತುಟಿ ಒಂಚೂರು ತಿದ್ದಿದ್ರ, ನೀವು ಹೇಳ್ತಾ ಹೋಗ್ರಿ, ನಾ ಮಾಡ್ತಾ ಹೋಗ್ತೀನಿ. ಸಂಜಿತನಕ ಕುಂತ್ರ ಚಾಚಿನ ತಂದು ಕುಂದ್ರಸ್ತೀನಿ."

ಹಿರೇಹಡಗಲಿಯಲ್ಲಿ ನಾದಿನಿ ಶಬ್ನಮ್ ಇದ್ದಳು. ಕಣ್ಣು, ಮೂಗು ಅಕ್ಕನವೇ. ಅವಳ ಮದುವೆಯ ಫೋಟೋ ತೆಗೆದವರೂ ಹಸನ್ ಸಾಬರೇ. ಅದರ ನೆಗೆಟಿವ್ ಒಳಗಿನ ಕಪಾಟಿನಲ್ಲಿತ್ತು. ಅವರು ಎದ್ದರು. ಕಪಾಟಿನ ತನಕ ಹೋಗಿ ಬಾಗಿಲಿಗೆ ಕೈ ಹಚ್ಚಿ ನಿಂತರು. ಆಚೆ ಬಸ್ಸೊಂದು ಬಂದು, ಮಂದಿಯನ್ನು ಹತ್ತಿಸಿಕೊಂಡು ಹೊರಟು ಹೋಗುವಷ್ಟು ಹೊತ್ತು ನಿಂತೇ ಇದ್ದರು. ಆಮೇಲೆ ಬರಿಗೈಯಲ್ಲಿ ಬಂದು ಕೂತರು.

"ಬ್ಯಾಡ. ದಿನಾ ಅದನ್ನ ನೋಡ್ತಾ ನೋಡ್ತಾ ಅದ ಅಕಿ ಅನಿಸಿಬಿಡತೈತಿ. ಆಮ್ಯಾಲ ಖರೇ ಮುಖ ಬಂದರೂ ನನಗ ಗುರುತು ಹತ್ತಂಗಿಲ್ಲ."

"ಹಂಗಾರ ಸಣ್ಣದ ಹಾಕ್ಲೇನ್ರಿ? ನಿಮ್ಮ ಕೆಲಸಕ್ಕ ಅದು ಬೇಷ್ ಐತಿ."

ಹಸನ್ ಸಾಬರು ಚಿತ್ರವನ್ನೇ ನೋಡುತ್ತಿದ್ದರು. "ಹುಡುಗನ್ನ ತಗಿಯೋದು ಯಾವುದರಾಗ ಆಗತೈತಿ?"

"ಯಾ ಹುಡುಗನ್ನ್ರಿ?"

"ಇವನ್ನ. ಹುಡುಗನ್ನ ತಗಿ. ಕೈ ಇರಲಿ."

ಪ್ರವೀಣಕುಮಾರನ ಬೆರಳು ಮೌಸಿನ ಮೇಲೆ ನಿಂತಿತು. "ಇದು ನಮ್ಮ ಇಸ್ರಾರಣ್ಣ ಅಲ್ಲೇನ್ರಿ? ಒಬ್ಬನೇ ಮಗ ನಿಮಗ."

"ಕೊಟ್ಟೂರಾಗ ಮದುವಿ ವಿಡಿಯೋ ತಗ್ಯಾಕ ಹೋಗ್ಯಾನ. ಸಂಜಿಗೆ ಮನಿಗೆ ಬರ್ತಾನಪ ಅವನು."

ಪ್ರವೀಣಕುಮಾರ್ ಮೌಸನ್ನು ಹತ್ತಿರಕ್ಕೆ ಎಳೆದುಕೊಂಡ. ದೊಡ್ಡದನ್ನೇ ತೆರೆದು ಕೆಲಸಕ್ಕೆ ಕೂತ. ಮೊದಲು ಟೊಪ್ಪಿಗೆ ಹೋಯಿತು. ಕೆನ್ನೆ, ಅಂಗಿಯ ಗುಂಡಿ, ಜೋಲಾಡುವ ಎರಡು ಪಾದ ಒಂದೊಂದಾಗಿ ನೀರಿನಲ್ಲಿ ಕರಗಿದವು. ಸ್ಟೂಲೂ ಹೋಯಿತು. ಕಡೆಗೆ ಆ ಕೈಯೊಂದೇ ಉಳಿಯಿತು. ಹಿಡಿಯಲು ಈಗ ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಮಾತ್ರ ಹಿಡಿತ ಸಡಿಲಿಸಿರಲಿಲ್ಲ.