ಬಳೆಗಾರ ಬಂದುಹೋದ ಊರುಗಳು

ಮೊದಲ ಏಟು ಖಾಜಾಸಾಬನ ಮೊಣಕಾಲಿಗೆ ಬಿತ್ತು. ಹೆಗಲ ಮೇಲಿನ ಬಳೆಯ ಮಲಾರ ಊರ ಅಗಸಿಬಾಗಿಲ ಕಲ್ಲಿಗೆ ಬಡಿದು ಚೂರಾಯಿತು. ಊರೊಳಗೆ ಅವನಿನ್ನೂ ಕಾಲಿಟ್ಟಿರಲಿಲ್ಲ. ಗೌಡನ ಆಳು ಬಾಲಪ್ಪ ರಟ್ಟೆ ಹಿಡಿದು ಅವನನ್ನು ಕಟ್ಟೆಯವರೆಗೆ ಎಳೆದು ತಂದ.

ಅದು ನಿಜಾಮನ ಕಡೆಯ ರಜಾಕಾರರು ಊರೂರು ಸುಡುತ್ತಿದ್ದ ವರ್ಷ. ಯಲಬುರ್ಗಾ ಸೀಮೆಯಲ್ಲಿ ಹೊಗೆ ಏಳದ ದಿಕ್ಕಿರಲಿಲ್ಲ. ಈ ಊರಿಗೂ ಒಮ್ಮೆ ಬಂದು, ಬಣವೆ ಸುಟ್ಟು, ಜೋಳ ಹೇರಿಕೊಂಡು ಹೋಗಿದ್ದರು. ಹೆಂಗಸರಿಗೆ ಮಾತ್ರ ಏನೂ ಆಗಿರಲಿಲ್ಲ. ಅಂದು ಅವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಗುಡ್ಡದಮ್ಮನಿಗೆ ಉಡಿ ತುಂಬಲು ಹೋಗಿದ್ದರು. ನೀನೂ ಬಾ ಎಂದು ಕನಕಮ್ಮ ಕಾಲು ಹಿಡಿದರೂ ಗಂಡ ಹನಮಪ್ಪ ನಕ್ಕು ಮನೆಯಲ್ಲೇ ಉಳಿದಿದ್ದ. ಅವನನ್ನು ಹೊಸ್ತಿಲಲ್ಲೇ ಕಡಿದು ಹಾಕಿದ್ದರು. ಹೆಂಗಸರನ್ನು ಗುಡ್ಡದಮ್ಮನೇ ಕಾಯ್ದಳೆಂದು ಗಂಡಸರು ಕಾಯಿ ಒಡೆದು ಬಂದರು.

ಕಾಯ್ದವಳು ಯಾರೆಂದು ಗೊತ್ತಾಯಿತು. ಕೊಲ್ಲಿಸಿದವನು ಯಾರೆಂಬುದನ್ನು ಈಗ ಗೌಡ ಕರಿಬಸಪ್ಪ ಬಿಡಿಸಿ ಹೇಳಿದ. ದಾಳಿಯಾದ ಊರಿಗೆಲ್ಲ ಅದಕ್ಕೂ ಮುಂಚೆ ಈ ಬಳೆಗಾರ ಹೋಗಿದ್ದ. ಇಲ್ಲಿಗೂ ಬಂದಿದ್ದ. ಇವನ ಅಕ್ಕನ ಮಗ ಮದಾರಸಾಬ ರಜಾಕಾರರ ಬಿಡಾರದಲ್ಲಿ ಅಡುಗೆಯವನು. ಇನ್ನೇನು ಬೇಕು? ಜನಕ್ಕೆ ಇನ್ನೇನೂ ಬೇಕಿರಲಿಲ್ಲ.

ಶಾಲೆಯ ಮಾಸ್ತರ ಉಮಾಪತಿ ಒಬ್ಬನೇ ಎದ್ದು ನಿಂತ.

“ಇಂವ ಬಂದದ್ದಕ್ಕ ಅವರು ಬಂದ್ರು ಅಂತ ಹೆಂಗ ಹೇಳ್ತೀರಿ ಗೌಡ್ರ? ಅವರು ಬರೋದೈತಿ ಅಂತ ಇಂವ ಬಂದಿರಬಹುದಲ್ಲ?”

“ಎರಡೂ ಒಂದ ಅಲ್ಲೇನ್ರಿ ಮಾಸ್ತರ,” ಎಂದ ಕರಿಬಸಪ್ಪ.

ಜನ ನಕ್ಕರು. ಯಾರೋ ಅಂಗಿ ಹಿಡಿದು ಮಾಸ್ತರನನ್ನು ಕೂಡಿಸಿದರು. ಆ ಊರಿನ ಚರ್ಚೆ ಅಷ್ಟಕ್ಕೇ ಮುಗಿಯಿತು.

ಖಾಜಾಸಾಬ ತಲೆ ಎತ್ತಿದ. ಸುತ್ತಲಿದ್ದ ಮುಖಗಳನ್ನೆಲ್ಲ ನೋಡಿ ದನಿ ತಗ್ಗಿಸಿದ.

“ಇಲ್ಲಿ ಬ್ಯಾಡ್ರಿ ಗೌಡ್ರ. ಶೇಖರಮ್ಮಕ್ಕನ್ನ ಕೇಳ್ರಿ. ಆಕಿಗೆ ಎಲ್ಲಾ ಗೊತ್ತೈತಿ.”

ಶೇಖರಮ್ಮ ಗೌಡನ ಹೆಂಡತಿ. ಮನೆಯ ಹೆಣ್ಣಿನ ಹೆಸರು ಕಟ್ಟೆಯ ಮೇಲೆ, ಅದೂ ಅವಳ ಕೈ ಹಿಡಿದು ಬಳೆ ತೊಡಿಸುವವನ ಬಾಯಲ್ಲಿ. ಕರಿಬಸಪ್ಪನ ಮೈ ಉರಿದುಹೋಯಿತು. ಬಾಲಪ್ಪನ ಕೈಯಲ್ಲಿದ್ದ ಕೊಡಲಿ ಕಿತ್ತುಕೊಂಡು ಬೀಸಿದ. ಆಮೇಲೆ ಹನಮಪ್ಪನ ತಮ್ಮಂದಿರು ಕಲ್ಲು ಎತ್ತಿದರು. ಮೈ ಅಲುಗುವುದು ನಿಂತ ಮೇಲೂ ಹೊಡೆದರು.

ಕರಿಬಸಪ್ಪ ಹಿತ್ತಿಲಲ್ಲಿ ಕೈ ತೊಳೆದುಕೊಂಡು ಒಳಗೆ ಬಂದ. ಇನ್ನು ಊರಿಗೆ ಭಯವಿಲ್ಲವೆಂದು ಅವನಿಗೆ ನೆಮ್ಮದಿಯಾಗಿತ್ತು. ನಡುಮನೆಯ ತುಂಬ ಓಣಿಯ ಹೆಂಗಸರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಗಂಟು ಕಟ್ಟಿಕೊಂಡು ಕೂತಿದ್ದರು. ಶೇಖರಮ್ಮ ಎದ್ದು ಬಂದಳು.

“ಕಟ್ಟಿಮ್ಯಾಲ ಸುದ್ದಿ ಆದ್ರ ಬಿಡಾರದಾಗಿರೋ ಅವನ ಅಳಿಯನ ಜೀವ ಹೋಗತೈತಂತ ಇಷ್ಟ ದಿನ ನಿಮಗ ಹೇಳಿರಲಿಲ್ಲ,” ಎಂದಳು. “ಹೋದ ಸಲ ರಜಾಕಾರರು ಬರೋ ದಿನ ಹೇಳಿ ನಮ್ಮನ್ನೆಲ್ಲಾ ಗುಡ್ಡಕ್ಕ ಕಳಿಸಿದಂವ ಖಾಜಾಣ್ಣ, ಈ ಸಲ ಯಾವತ್ತ ಬರ್ತಾರಂತ ಹೇಳಾಕ ಇವತ್ತ ಬರಬೇಕಿತ್ತು, ಅಗಸ್ಯಾಗ ಎಲ್ಲೆರ ಕಂಡನೇನ್ರಿ?”