ಪೂರ್ತಿ ಒತ್ತಿ, ಭಾವ

“ಪೂರ್ತಿ ಒತ್ತಿ, ಭಾವ.”

“ಒತ್ತಿದೀನಲ್ಲೋ!”

“ಎಲ್ಲಿ ಒತ್ತಿದೀರ? ಗಾಳಿ ಒಳಗೆ ಹೋಗೋ ಬಾಯಿ ಅರ್ಧಕ್ಕೇ ನಿಂತಿದೆ.” ಎತ್ತಿದ ಬಾನೆಟ್ಟಿನ ಆಚೆಯಿಂದ ಭಾವಮೈದನ ದನಿ ಬಂತು. “ದಿನವಿಡೀ ಊರವರ ಬಾಯಿ ತೆರೆಸ್ತೀರ, ನಿಮ್ಮ ಕಾರಿನ ಬಾಯಿ ತೆರೆಸೋಕೆ ಆಗಲ್ವಾ?”

ದಂತವೈದ್ಯ ನಗಲಿಲ್ಲ. ಸೀಟಿಗೆ ಬೆನ್ನು ಆನಿಸಿ ಆಕ್ಸಿಲರೇಟರನ್ನು ಮತ್ತೊಮ್ಮೆ ಬಲವಾಗಿ ಮೆಟ್ಟಿದ. ಪಕ್ಕದ ಸೀಟಿನಲ್ಲಿ ಹೆಂಡತಿ ಅವನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳ ಸೂಜಿ ಒಮ್ಮೆ ನಿಂತಿತು, ಮತ್ತೆ ನಡೆಯಿತು.

ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ಗಂಡಸರಿಬ್ಬರದೂ ಒಂದೇ ಚರ್ಚೆ. ಎರಡೇ ಸೀಟಿನ ಈ ಹಳದಿ ಸ್ಪೋರ್ಟ್ಸ್ ಕಾರಿಗೆ ಮೊದಲಿನ ಕಸುವು ಬರಬೇಕು, ಹೇಗೆ? ಟರ್ಬೊ ಕೂರಿಸಿದರೆ ಒಮ್ಮೆಲೇ ಎಳೆಯುತ್ತದೆ, ಆದರೆ ಹಳೆಯ ಪಿಸ್ಟನ್‌ಗಳು ಆ ಒತ್ತಡ ತಾಳುವುದು ಅನುಮಾನ. ದೊಡ್ಡ ಇಂಜಿನ್ನನ್ನೇ ತಂದು ಹಾಕಿದರೆ ಮೂತಿ ಭಾರವಾಗಿ ಕಾರು ತಿರುವುಗಳಲ್ಲಿ ಮಾತು ಕೇಳುವುದಿಲ್ಲ. ಕಾರ್ಬ್ಯುರೇಟರ್, ಸೈಲೆನ್ಸರ್ ಎಲ್ಲ ಎಂದೋ ಬದಲಾಗಿದ್ದವು. ಭಾವಮೈದ ಬಾನೆಟ್ ಎತ್ತಿ ಕೈಯಿಂದಲೇ ಆಕ್ಸಿಲರೇಟರ್ ಕೇಬಲ್ ಎಳೆದಾಗಲೆಲ್ಲ ಇಂಜಿನ್ನು ಹುಲಿ, ರಸ್ತೆಗಿಳಿದರೆ ಬೆಕ್ಕು. ಇಂದು ಅವನ ಒಂದು ಕೈಗೆ ಬ್ಯಾಂಡೇಜು, ಇನ್ನೊಂದರಲ್ಲಿ ಟಾರ್ಚು. ಹಾಗಾಗಿ ಮೊದಲ ಬಾರಿಗೆ ಪೆಡಲ್ ಒತ್ತಲು ಭಾವನನ್ನು ಕೂರಿಸಿದ್ದ.

“ಕಾಲು ತೆಗೀರಿ ನೋಡೋಣ.” ಅವನು ಈಚೆ ಬಂದು ಮಂಡಿಯೂರಿ ಪೆಡಲಿನ ಹಿಂದೆ ಕೈ ತೂರಿಸಿದ. ಏನನ್ನೋ ಅಲ್ಲಾಡಿಸಿ, ತಿರುಚಿ, ಕಿತ್ತ. ಅಂಗೈಯಲ್ಲಿ ಬಂದದ್ದು ದಾರ ಸುತ್ತುವ ಮರದ ರೀಲು. ಪೆಡಲು ಬಡಿದು ಬಡಿದು ಮೇಲ್ಭಾಗ ಸವೆದಿತ್ತು. ನಡುವೆ ಇನ್ನೂ ಒಂದಿಷ್ಟು ಕೆಂಪು ದಾರ.

“ಇಲಿ ಎಳ್ಕೊಂಡು ಬಂದಿರ್ಬೇಕು,” ಎಂದ ದಂತವೈದ್ಯ.

“ಇಲಿ ಗೋಂದು ಹಚ್ಚಲ್ಲ, ಭಾವ.”

ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದಳು. “ನಾನೇ ಇಟ್ಟಿದ್ದು.”

ದಂತವೈದ್ಯ ಕಾರು, ರೀಲು, ಹೆಂಡತಿ ಮೂರನ್ನೂ ಸರದಿಯಂತೆ ನೋಡಿದ. “ನೀನಾ? ಯಾವಾಗ?”

“ಕೆರೆ ತಿರುವಲ್ಲಿ ನಾನು ಕಿರುಚ್ಕೊಂಡಿದ್ದು ನೆನಪಿದ್ಯಾ? ನಿಧಾನ ಹೋಗ್ರೀ ಅಂತ ಬೇಡ್ಕೊಂಡೆ. ನೀವು ನಕ್ಕು ಇನ್ನೂ ಜೋರಾಗಿ ಒತ್ತಿದ್ರಿ. ಮಾರನೇ ದಿನ ಇಟ್ಟೆ.”

“ಅದು... ಆಗಿನ್ನೂ ಮಗಳೇ ಹುಟ್ಟಿರಲಿಲ್ಲ ಕಣೇ!”

“ಹೊಟ್ಟೆಲಿದ್ಲು. ಅದನ್ನ ಹೇಳೋಣ ಅಂತಲೇ ಅವತ್ತು ಕಾರು ಹತ್ತಿದ್ದೆ.”

ಆ ಮಗಳು ಈಗ ಅಮ್ಮನಿಗಿಂತ ಎತ್ತರ ಬೆಳೆದಿದ್ದಳು. ಇಷ್ಟು ವರ್ಷವೂ ಕ್ಲಿನಿಕ್ಕಿನಲ್ಲಿ, ನೆಂಟರ ಮನೆಯಲ್ಲಿ, ಬಾಯಿ ತೆರೆದು ಕೂತ ರೋಗಿಗಳೆದುರು ಕೂಡ ದಂತವೈದ್ಯ ಒಂದೇ ಮಾತು ಕೊಚ್ಚಿಕೊಂಡು ಬಂದಿದ್ದ: “ನಮ್ಮನೆಯವಳು ಮೊದಮೊದಲು ಕಣ್ಣು ಮುಚ್ಕೋತಿದ್ಲು. ಈಗ ನೋಡಿ, ಎಷ್ಟು ಜೋರಾಗಿ ಹೋದ್ರೂ ಕಿಟಕಿ ಆಚೆ ನೋಡ್ತಾ ಆರಾಮಾಗಿ ಕೂತಿರ್ತಾಳೆ. ಧೈರ್ಯ ಕಲಿಸಿದ್ದೇ ನಾನು.”

“ನನಗಾದ್ರೂ ಒಂದು ಮಾತು ಹೇಳ್ಬಾರ್ದಾ, ಅಕ್ಕ?” ಎಂದ ತಮ್ಮ. “ಒಳ್ಳೇ ಕಾರ್ಬ್ಯುರೇಟರ್ ಕಿತ್ತು ಬಿಸಾಕಿದ್ನಲ್ಲ!”

“ಹೇಳಿದ್ರೆ ತೆಗೀತಿದ್ದೆ. ನೀನು ಭಾವನ ಕಡೆಯವನು.” ಅವಳು ಕೋಟು ಹಿಡಿದು ಕೆಳಗಿಳಿದಳು.

ತಮ್ಮ ತಲೆ ಕೆರೆದುಕೊಂಡ. “ಹೋಗ್ಲಿ ಬಿಡಿ. ಟರ್ಬೊನೂ ಬೇಡ, ಗಿರ್ಬೊನೂ ಬೇಡ. ಈಗ ಸ್ಟಾರ್ಟ್ ಮಾಡಿ ಒತ್ತಿ, ಭಾವ.”

ಒತ್ತಿದ. ಪೆಡಲು ಅವನ ಕಾಲು ಮರೆತೇಬಿಟ್ಟಿದ್ದ ಆಳಕ್ಕೆ ಇಳಿಯಿತು. ಹಲಗೆಯ ಮೇಲಿನ ಪಾನಾಗಳು ಗಲಗಲ ಕುಣಿದವು. ದಂತವೈದ್ಯ ಬೆಚ್ಚಿ ಕಾಲು ಕಿತ್ತುಕೊಂಡ. ಇಷ್ಟು ಸದ್ದು ಮಾಡುವುದರ ಪಕ್ಕದಲ್ಲಿ ಅವಳನ್ನು ಕೂರಿಸಿಕೊಂಡಿದ್ದೆನೇ?

ಅತ್ತ ಬಾಗಿ ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದ. ಸೀಟನ್ನು ಅಂಗೈಯಿಂದ ಒರೆಸಿದ.

“ಬಾ. ನಿಧಾನಕ್ಕೇ ಹೋಗ್ತೀನಿ. ನಿನ್ನಾಣೆ.”

ಹೆಂಡತಿ ತಮ್ಮನ ಕೈಯಿಂದ ರೀಲನ್ನು ತೆಗೆದುಕೊಂಡು ಸವೆದ ಭಾಗವನ್ನು ಹೆಬ್ಬೆರಳಿನಿಂದ ಸವರಿದಳು. ಕೋಟನ್ನು ಅಚ್ಚುಕಟ್ಟಾಗಿ ಮಡಚಿ ತನ್ನ ಸೀಟಿನ ಮೇಲಿಟ್ಟಳು. ಬಾಗಿಲು ಮುಚ್ಚಿದಳು.

“ನಾನು ಹತ್ತಲ್ಲ.”