ಎಡಗಣ್ಣು

ಸೋಮವಾರ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಅವಳ ತುಟಿಯ ಎಡಬದಿಯಿಂದ ನೀರು ಸೋರಿತು. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ಜೋತುಬಿದ್ದಿತ್ತು.

"ಲಕ್ವ ಅಲ್ಲಮ್ಮ, ಹೆದರ್ಕೋಬೇಡಿ," ಎಂದರು ಡಾಕ್ಟರು. "ಮುಖದ ನರ ಊದ್ಕೊಂಡಿದೆ. ಮಾತ್ರೆ ತಗೊಂಡ್ರೆ ನಿಧಾನಕ್ಕೆ ಸರಿಹೋಗುತ್ತೆ. ಅಲ್ಲೀವರೆಗೂ ಎಡಗಣ್ಣು ಮುಚ್ಚಲ್ಲ, ಸುಮ್ಮಸುಮ್ಮನೆ ನೀರು ಸುರೀತಿರುತ್ತೆ. ಪಟ್ಟಿ ಕಟ್ಕೊಂಡಿರಿ."

ಗುರುವಾರ ಅವಳ ಗಂಡ ಎದೆನೋವು ಬಂದು ತೀರಿಕೊಂಡ. ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿ, ಅವಳನ್ನು ತಲೆಯ ಬಳಿ ಕೂರಿಸಿದರು. ಬಾಗಿಲಿಂದ ಬಂದವರಿಗೆಲ್ಲ ಕಾಣುತ್ತಿದ್ದುದು ಅವಳ ಎಡಗೆನ್ನೆ.

"ಅಯ್ಯೋ, ದುಃಖಕ್ಕೆ ಬಾಯೇ ಸೊಟ್ಟಗಾಗೋಗಿದೆ ನೋಡ್ರೀ," ಎಂದಳು ಎದುರುಮನೆಯಾಕೆ.

"ನಮ್ಮಣ್ಣ ಹೇಗೇ ನೋಡ್ಕೊಂಡಿರ್ಲಿ, ಅತ್ತಿಗೆ ಕಣ್ಣೀರು ನಿಲ್ತಾನೇ ಇಲ್ಲ," ಎಂದು ನಾದಿನಿ ಬಿಕ್ಕಿದಳು.

ಮಗಳು ಪಟ್ಟಿ ಹಿಡಿದು ಬಂದು ಅಮ್ಮನ ಬಲಕ್ಕೆ ಕೂತಳು. ಆ ಕಡೆಯ ಕೆನ್ನೆ ಒಣಗಿತ್ತು.

"ಅಮ್ಮ, ಕಣ್ಣಿಗೆ ಪಟ್ಟಿ ಕಟ್ಲಾ? ಡಾಕ್ಟ್ರು ಹೇಳಿದ್ರಲ್ಲ."

"ಈಗ್ಲೇ ಬೇಡ," ಎಂದಳು ಅವಳು, ಬಲತುಟಿಯನ್ನಷ್ಟೇ ಆಡಿಸಿ. "ಮೊದಲು ನಿಮ್ಮಪ್ಪನ್ನ ಎತ್ಕೊಂಡು ಹೋಗ್ಲಿ."